ಮಲೆನಾಡಿನ ಕಾದಂಬರಿಗಳಲ್ಲಿ ಅನುರಾಗದ ಅರಿವು

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರದ ಸೀಮೆಯಲ್ಲಿ ಸಿಗಂದೂರಿನ ಬಳಿ ಈಗ ವಿಸ್ತಾರವಾದ ಹಿನ್ನೀರಾಗಿ ನಿಂತು, ಮುಂದೆ ಜೋಗದಲ್ಲಿ ಧುಮುಕಿ ಪಶ್ಚಿಮ ಸಮುದ್ರವನ್ನು ಸೇರುತ್ತದೆ. ಈ ಮೂರು ತಾಲ್ಲೂಕುಗಳ ಕಾಡು, ಗದ್ದೆ, ಅಡಕೆತೋಟಗಳ ನಡುವಣ ಒಂಟಿಮನೆಗಳು ಇಪ್ಪತ್ತನೆಯ ಶತಮಾನದ ಕನ್ನಡ ಕಾದಂಬರಿಗೆ ಒದಗಿಸಿದ ಸಾಮಗ್ರಿಯು ಅಲ್ಪವಾದುದಲ್ಲ. ಆ ಸಾಮಗ್ರಿಯಲ್ಲಿ ಪ್ರಕೃತಿವರ್ಣನೆಯನ್ನೂ ಜನಜೀವನದ ಚಿತ್ರವನ್ನೂ ವಿದ್ವಾಂಸರು ಬಹುವಾಗಿ ವಿವೇಚಿಸಿರುವರು. ಆದರೆ ಕಥಾಶರೀರಕ್ಕೆ ಸಂಬಂಧಪಟ್ಟ ಇನ್ನೊಂದು ಅಂಶವು ಅಷ್ಟು ಗಮನವನ್ನು ಪಡೆದಂತೆ ಕಾಣದು. ಕಥೆಯೊಳಗಿನ ಹೆಣ್ಣು ಗಂಡುಗಳಲ್ಲಿ ಅನುರಾಗವು ಯಾವಾಗ ಹುಟ್ಟುತ್ತದೆ, ಹುಟ್ಟಿದುದನ್ನು ಅವರು ಯಾವಾಗ ಅರಿಯುತ್ತಾರೆ ಎಂಬುದೇ ಆ ಅಂಶ. ಇವೆರಡೂ ಒಂದೇ ಗಳಿಗೆಯಲ್ಲಿ ನಡೆಯುವುವೆಂದು ಹಳೆಯ ಕಾವ್ಯವು ನಂಬಿತ್ತು. ಇವೆರಡರ ನಡುವೆ ವರ್ಷಗಳೇ ಕಳೆಯಬಹುದೆಂಬುದನ್ನು ಮಲೆನಾಡಿನ ಕಾದಂಬರಿಯು ಕಂಡುಕೊಂಡಿತು.

ಹಳೆಯ ಮತವು ಹೇಗಿದ್ದಿತೆಂಬುದನ್ನು ಮೊದಲು ನೋಡಬೇಕು. ಆಲಂಕಾರಿಕರು ಸಮಾಗಮಕ್ಕೆ ಮೊದಲಿನ ಅನುರಾಗವನ್ನು ಪೂರ್ವರಾಗವೆಂದು ಕರೆದು, ಅದು ಶ್ರವಣದಿಂದ ಅಥವಾ ದರ್ಶನದಿಂದ ಹುಟ್ಟುವುದೆಂದು ಹೇಳಿರುವರು. ದರ್ಶನವಾದರೂ ಸಾಕ್ಷಾತ್ತಾಗಿ ಆಗಬಹುದು, ಚಿತ್ರದಲ್ಲಿ ಆಗಬಹುದು, ಸ್ವಪ್ನದಲ್ಲಿ ಆಗಬಹುದು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಇಂದ್ರಜಾಲವನ್ನು ಕೂಡ ಈ ಪಟ್ಟಿಯಲ್ಲಿ ಸೇರಿಸುತ್ತಾನೆ. ಇಷ್ಟೆಲ್ಲಾ ದ್ವಾರಗಳನ್ನು ಹೇಳಿದ ಶಾಸ್ತ್ರಕಾರನು, ಒಂದೇ ಜಗಲಿಯ ಮೇಲೆ ಹತ್ತು ವರ್ಷ ಆಡಿ ಬೆಳೆದವರಲ್ಲಿ ಸದ್ದಿಲ್ಲದೆ ಬಲಿಯುವ ಒಲವಿಗೆ ಒಂದು ಬಾಗಿಲನ್ನೂ ತೆರೆದಿಡಲಿಲ್ಲ. ಮನ್ಮಥಾವಸ್ಥೆಗಳ ಎಣಿಕೆಯು ಚಕ್ಷುಃಪ್ರೀತಿಯಿಂದಲೇ ಮೊದಲಾಗುವುದರಿಂದ, ಕಣ್ಣಿಗೆ ಹೊಸದಲ್ಲದ ವಸ್ತುವಿನಲ್ಲಿ ಪ್ರೀತಿಯು ಮೊಳೆಯುವ ಸಂಗತಿಯು ಅವರ ಲೆಕ್ಕಕ್ಕೆ ಬರುವ ಸಂಭವವೇ ಇರಲಿಲ್ಲ.

ಕನ್ನಡ ಕವಿಗಳೂ ಈ ಮಾರ್ಗವನ್ನೇ ಹಿಡಿದರು. ಪಂಪನ ವಿಕ್ರಮಾರ್ಜುನವಿಜಯದಲ್ಲಿ ಅರ್ಜುನ ಸುಭದ್ರೆಯರ ಒಲವು ನೋಟದಲ್ಲಿಯೇ ಹುಟ್ಟಿ ನೋಟದಲ್ಲಿಯೇ ತಿಳಿದುಬರುತ್ತದೆ. ವಿರಹ, ಬೆಳದಿಂಗಳು, ಶೈತ್ಯೋಪಚಾರಗಳು ಅನಂತರದವು. ಜನ್ನನ ಯಶೋಧರಚರಿತೆಯಲ್ಲಿ (1209) ಅಮೃತಮತಿಗೆ ನೋಟವೂ ಬೇಡವಾಯಿತು. ಇರುಳಿನಲ್ಲಿ ಕೇಳಿಬಂದ ಮಾವುತನ ಹಾಡೊಂದೇ ಸಾಕಾಯಿತು. ಹನ್ನೆರಡನೆಯ ಶತಮಾನದ ನೇಮಿಚಂದ್ರನು ಲೀಲಾವತಿಪ್ರಬಂಧದಲ್ಲಿ ಈ ಸಂಪ್ರದಾಯವನ್ನು ಅದರ ತುತ್ತತುದಿಗೆ ಒಯ್ದನು. ಅವನ ನಾಯಕನಾದ ಕಂದರ್ಪದೇವನು ಜಯಂತೀಪುರದವನು, ಎಂದರೆ ಸಾಗರ ಸೊರಬಗಳಿಗೆ ನೆರೆಯದೇ ಆದ ಬನವಾಸಿಯವನು. ಅವನೂ ಲೀಲಾವತಿಯೂ ಒಬ್ಬರನ್ನೊಬ್ಬರು ಕಂಡದ್ದು ಕನಸಿನಲ್ಲಿ. ಕಂಡೊಡನೆ ಒಲಿದರು, ಒಲಿದೊಡನೆ ಅರಿತರು; ತಿಳಿಯದೆ ಉಳಿದದ್ದು ಕನಸಿನಲ್ಲಿ ಕಂಡವರು ಯಾವ ಊರಿನವರೆಂಬುದು ಮಾತ್ರ. ಕಥೆಯೆಲ್ಲವೂ ಆ ಊರನ್ನು ಹುಡುಕುವ ಪ್ರಯಾಣವಾಯಿತು. ಐತಿಹ್ಯಗಳಿಗೂ ಇದೇ ಅಚ್ಚು. ಹದಿನೇಳನೆಯ ಶತಮಾನದಲ್ಲಿ ಬಿದನೂರಿನಿಂದ ಆಳಿದ ಕೆಳದಿಯ ಸೋಮಶೇಖರನಾಯಕನು ಕೋಟಿಪುರದ ಸಿದ್ದಪ್ಪಶೆಟ್ಟಿಯ ಮಗಳಾದ ಚೆನ್ನಮ್ಮನನ್ನು ರಾಮೇಶ್ವರನ ಜಾತ್ರೆಯಲ್ಲಿ ಕಂಡು ಮೆಚ್ಚಿ ವರಿಸಿದನೆಂದು ಪರಂಪರೆಯ ಕಥೆ ಹೇಳುತ್ತದೆ. ಆ ಚೆನ್ನಮ್ಮಾಜಿ ಪತಿಯ ಮರಣಾನಂತರ ಇಪ್ಪತ್ತೈದು ವರ್ಷಗಳ ಕಾಲ ರಾಜ್ಯವನ್ನಾಳಿದವಳು. ಅಂತಹವಳ ಬಾಳಿನ ಆರಂಭಕ್ಕೂ ಜನಮನಸ್ಸು ಒಂದು ಜಾತ್ರೆಯ ನೋಟವನ್ನೇ ಇಟ್ಟಿರುವುದು ಸ್ವಾರಸ್ಯವಾಗಿದೆ.

ಹಾಗಾದರೆ ತಡವಾದ ಅರಿವು ಹಳೆಗನ್ನಡಕ್ಕೆ ತೀರ ಅಪರಿಚಿತವೇ? ಹಾಗೆನ್ನುವಂತಿಲ್ಲ. ಪಂಪನ ಆದಿಪುರಾಣದಲ್ಲಿ (941) ಶ್ರೀಮತಿಗೆ ಹಿಂದಿನ ಭವದ ಸ್ಮರಣೆ ಉಂಟಾಗುತ್ತದೆ. ತಾನು ಸ್ವಯಂಪ್ರಭೆಯಾಗಿದ್ದುದನ್ನೂ ಲಲಿತಾಂಗದೇವನು ತನ್ನ ವಲ್ಲಭನಾಗಿದ್ದುದನ್ನೂ ನೆನೆದು ಅವಳು ಆ ವೃತ್ತಾಂತವನ್ನು ಚಿತ್ರಪಟದಲ್ಲಿ ಬರೆಯುತ್ತಾಳೆ. ಆ ಪಟವನ್ನು ಕಂಡ ವಜ್ರಜಂಘನು ತನ್ನನ್ನು ತಾನೇ ಗುರುತಿಸುತ್ತಾನೆ. ಒಂದನೆಯ ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯಲ್ಲಿಯೂ ಪ್ರೇಮವು ಜನ್ಮಗಳನ್ನು ದಾಟಿ ಬಂದು ತನ್ನನ್ನು ಕಂಡುಕೊಳ್ಳುತ್ತದೆ. ಆದುದರಿಂದ ಒಲವು ಮೊದಲೇ ಇರುತ್ತದೆ, ಅರಿವು ಆಮೇಲೆ ಬರುತ್ತದೆ ಎಂಬ ವಿನ್ಯಾಸವನ್ನು ಪ್ರಾಚೀನರು ಬಲ್ಲರು. ಆದರೆ ಆ ಎರಡರ ನಡುವೆ ಒಂದು ಮರಣವನ್ನು ಇಟ್ಟಲ್ಲದೆ ಅದನ್ನು ಹೇಳುವ ಉಪಾಯವು ಅವರಿಗೆ ದೊರೆಯಲಿಲ್ಲ. ಮರೆವಿಗೆ ಕಾರಣವಾಗಿ ಜನ್ಮಾಂತರ, ನೆನಪಿಗೆ ಕಾರಣವಾಗಿ ಜಾತಿಸ್ಮರತ್ವ: ಇವು ಆ ಕಾಲದ ಸಾಧನಗಳು. ಮಲೆನಾಡಿನ ಕಾದಂಬರಿಯು ಮಾಡಿದ್ದು ಇಷ್ಟೆ. ಪೂರ್ವಜನ್ಮದ ಸ್ಥಾನದಲ್ಲಿ ಅದು ಬಾಲ್ಯವನ್ನು ತಂದಿಟ್ಟಿತು. ಮಾತು ಚಿಕ್ಕದಾಗಿ ತೋರಬಹುದು, ಪರಿಣಾಮವು ಚಿಕ್ಕದಲ್ಲ.

ಇದಕ್ಕೆ ಮುಂಚಿನ ಕನ್ನಡ ಕಾದಂಬರಿಗಳು ಈ ಕಡೆಗೆ ಹೆಚ್ಚು ದೂರ ಬಂದಿರಲಿಲ್ಲ. ಬಿ. ವೆಂಕಟಾಚಾರ್ಯರ ಭಾಷಾಂತರಗಳ ಮೂಲಕ ಮನೆಮನೆಗೂ ತಲುಪಿದ ಬಂಕಿಮಚಂದ್ರರ ದುರ್ಗೇಶನಂದಿನಿಯಲ್ಲಿ, ಬಿರುಗಾಳಿಯ ಇರುಳು ದೇವಾಲಯದೊಳಗೆ ಕಂಡ ನೋಟದಲ್ಲಿಯೇ ಎಲ್ಲವೂ ತೀರ್ಮಾನವಾಗುತ್ತದೆ. 1899ರಲ್ಲಿ ಮಂಗಳೂರಿನಿಂದ ಹೊರಟ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯು ಸಾಮಾಜಿಕ ವಸ್ತುವುಳ್ಳ ಗ್ರಂಥ. ಅಲ್ಲಿ ಇಂದಿರೆ ಭಾಸ್ಕರರ ವಿವಾಹವು ವಿದ್ಯೆ ಮತ್ತು ಸುಧಾರಣೆಗಳ ಫಲವೆಂಬಂತೆ ಬರುತ್ತದೆಯೇ ಹೊರತು ಅವರವರ ಅಂತರಂಗದ ಶೋಧನೆಯಾಗಿ ಬರುವುದಿಲ್ಲ. ಆ ಗ್ರಂಥಕರ್ತರ ಉದ್ದೇಶವೇ ಬೇರೆ, ಅದನ್ನು ದೋಷವೆನ್ನಬೇಕಾದುದಿಲ್ಲ.

1936ರಲ್ಲಿ ಪ್ರಕಟವಾದ ಕುವೆಂಪು ಅವರ ಕಾನೂರು ಸುಬ್ಬಮ್ಮ ಹೆಗ್ಗಡಿತಿಯೇ ಈ ವಿಷಯದಲ್ಲಿ ಗಡಿಗಲ್ಲು. ಗ್ರಂಥಕರ್ತರು ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯಲ್ಲಿ ಬೆಳೆದವರು. ಅವರು ಚಿತ್ರಿಸಿದ ಒಕ್ಕಲುತನದ ಮನೆಗಳು ಅವರಿಗೆ ಒಳಗಿನಿಂದ ಗೊತ್ತಿದ್ದವು. ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ ರಾಮಯ್ಯರು ರಜಕ್ಕೆ ಊರಿಗೆ ಬರುವಾಗ ದಾರಿಯಲ್ಲಿ ಗಾಡಿಯು ಉರುಳಿ, ಪೆಟ್ಟು ತಿಂದ ಹೂವಯ್ಯನು ಕಾನೂರಿಗೆ ಹೋಗುವ ಬದಲು ಮುತ್ತಳ್ಳಿಯ ಶ್ಯಾಮಯ್ಯಗೌಡರ ಮನೆಯಲ್ಲಿ ಮಲಗಬೇಕಾಗುತ್ತದೆ. ಆ ಮನೆಯ ಮಗಳು ಸೀತೆ. ಇಲ್ಲಿ ಪ್ರಥಮದರ್ಶನವೆಂಬುದಿಲ್ಲ, ಏಕೆಂದರೆ ಅವರಿಬ್ಬರೂ ನಂಟರ ಮಕ್ಕಳು, ಎಳವೆಯಿಂದ ಒಬ್ಬರನ್ನೊಬ್ಬರು ಬಲ್ಲವರು. ಅವಳಿಗೆ ಅವನು ಬಾವ. ಹಳೆಯ ಕವಿಯಾಗಿದ್ದರೆ ಇಂತಹ ಜೋಡಿಯನ್ನು ಕಥೆಗೆ ತಕ್ಕುದಲ್ಲವೆಂದು ಬಿಟ್ಟುಬಿಡುತ್ತಿದ್ದನು.

'ಬಾವ' ಎಂಬ ಈ ಒಂದು ಶಬ್ದದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಸೋದರಿಕೆಯ ವಿವಾಹವು ರೂಢಿಯಲ್ಲಿರುವ ಕುಲಗಳಲ್ಲಿ ಬಾವನೆಂದರೆ ಮದುವೆಯಾಗಬಹುದಾದವನು. ಆದರೆ ಮದುವೆಯಾಗಬೇಕಾದವನೆಂದು ಅರ್ಥವಲ್ಲ. ಅವನೊಡನೆ ನಗಬಹುದು, ಪರಿಹಾಸ್ಯ ಮಾಡಬಹುದು, ಹಾಸಿಗೆ ಹಿಡಿದರೆ ಕಾಫಿಯನ್ನೂ ಗಂಜಿಯನ್ನೂ ಕೊಂಡೊಯ್ಯಬಹುದು. ಇದಾವುದಕ್ಕೂ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದಿಲ್ಲ. ಅನ್ಯನಾಗಿದ್ದರೆ ಒಂದು ನೋಟಕ್ಕೂ ಅರ್ಥವುಂಟಾಗುತ್ತಿತ್ತು. ಬಾವನಾದುದರಿಂದ ನೂರು ನೋಟಕ್ಕೂ ಅರ್ಥವಿಲ್ಲ. ಹೀಗೆ ಒಲವು ಬೆಳೆಯಲು ಯಾವ ಸಲಿಗೆಯು ಎಡೆಮಾಡಿಕೊಡುತ್ತದೆಯೋ ಅದೇ ಸಲಿಗೆಯು ಅದನ್ನು ಮುಚ್ಚಿಯೂ ಇಡುತ್ತದೆ. ನಂಟುತನದ ಹೆಸರೊಂದು ಮೊದಲೇ ಇರುವಾಗ ಆ ಭಾವಕ್ಕೆ ಇನ್ನೊಂದು ಹೆಸರನ್ನು ಹುಡುಕುವ ಪ್ರಮೇಯವೇ ಬರುವುದಿಲ್ಲ.

ಮಲೆನಾಡಿನ ಭೂಸ್ಥಿತಿಯೂ ಇದಕ್ಕೆ ಪೋಷಕವಾಯಿತು. ಇಲ್ಲಿ ಬಯಲುಸೀಮೆಯಂತೆ ಮನೆಗಳು ಒತ್ತಾಗಿ ಸೇರಿದ ಊರಿಲ್ಲ. ಒಂದು ಮನೆಯೇ ಒಂದು ಊರು. ಮಳೆಗಾಲದಲ್ಲಿ ಹಳ್ಳಗಳು ಏರಿ ಸಂಕಗಳು ಮುಳುಗಿದರೆ ಹೋದವರು ಹೋದಲ್ಲಿಯೇ ನಿಲ್ಲಬೇಕು. ಹೆಣ್ಣು ತರುವುದು, ಕೊಡುವುದು ಸುತ್ತಮುತ್ತಣ ಬೆರಳೆಣಿಕೆಯ ಮನೆಗಳೊಳಗೆ. ಇಂತಹ ಕಡೆ ಅಪರಿಚಿತನು ಬಾಗಿಲಿಗೆ ಬಂದು ನಿಲ್ಲುವುದೇ ಅಪರೂಪ. ಕಥೆಗಾರನು ಬಯಸಿದರೂ ಪ್ರಥಮದರ್ಶನವನ್ನು ಎಲ್ಲಿಂದ ತರಬೇಕು?

ಸೀತೆಯ ಮನಸ್ಸು ಮೊದಲು ಎಚ್ಚರಗೊಳ್ಳುತ್ತದೆ. ಹೂವಯ್ಯನದು ತಡ. ಇದಕ್ಕೆ ಕುವೆಂಪು ಅವರು ಕಲ್ಪಿಸಿದ ಕಾರಣವು ಬಹು ಸೂಕ್ಷ್ಮವಾದುದು. ಹೂವಯ್ಯನು ಓದಿದವನು, ಆದರ್ಶವಾದಿ, ಅಧ್ಯಾತ್ಮದ ಕಡೆ ಒಲಿದವನು. ತನ್ನ ಬಾಳು ಒಂದು ಮಹತ್ಕಾರ್ಯಕ್ಕೆ ಮೀಸಲೆಂದು ನಂಬಿರುವ ಯುವಕನಿಗೆ ತನ್ನ ಹೃದಯದ ಸಾಧಾರಣ ಸಂಗತಿಯೇ ಕಾಣದೆ ಹೋಗುತ್ತದೆ. ಬೆಟ್ಟದ ನೆತ್ತಿಯ ಸೂರ್ಯೋದಯದಲ್ಲಿ ದಿವ್ಯತೆಯನ್ನು ಕಾಣಬಲ್ಲವನು ಪಕ್ಕದಲ್ಲಿ ನಿಂತ ಹುಡುಗಿಯ ಮೌನವನ್ನು ಓದಲಾರನು. ಓದು ಬರಹಗಳು ಮನುಷ್ಯನಿಗೆ ಆತ್ಮಜ್ಞಾನವನ್ನು ಕೊಡುವುವೆಂಬ ಆ ಕಾಲದ ಭರವಸೆಗೆ ಇದು ಒಂದು ಮೆಲುವಾದ ಆಕ್ಷೇಪಣೆಯಂತಿದೆ. ಗ್ರಂಥಕರ್ತರು ಹೂವಯ್ಯನನ್ನು ಬಹುವಾಗಿ ಪ್ರೀತಿಸಿದವರಾದುದರಿಂದ ಈ ಆಕ್ಷೇಪಣೆಯನ್ನು ಬಾಯಿಬಿಟ್ಟು ಹೇಳಿಲ್ಲ. ಕಥೆಯು ತಾನೇ ಹೇಳುತ್ತದೆ.

ಅರಿವನ್ನು ತರುವುದು ಯಾವುದು? ನೋಟವಲ್ಲ, ಕನಸಲ್ಲ, ಮದುವೆಯ ಮಾತುಕತೆ. ಸೀತೆಯನ್ನು ಮೊದಲು ಸೀತೆಮನೆಯ ಸಿಂಗಪ್ಪಗೌಡರ ಮಗನಾದ ಕೃಷ್ಣಪ್ಪನಿಗೆ ಕೊಡಬೇಕೆಂದಾಗುತ್ತದೆ. ಕೃಷ್ಣಪ್ಪನು ಹುಲಿಬೇಟೆಯಲ್ಲಿ ಮಡಿಯುತ್ತಾನೆ. ಅನಂತರ ಕಾನೂರಿನ ಯಜಮಾನರಾದ ಚಂದ್ರಯ್ಯಗೌಡರು ಅವಳನ್ನು ತಮ್ಮ ಮಗನಾದ ರಾಮಯ್ಯನಿಗೆ ತಂದುಕೊಳ್ಳಲು ನಿಶ್ಚಯಿಸುತ್ತಾರೆ. ಪರರ ಪಾಲಾಗುವ ಗಳಿಗೆಯಲ್ಲಿಯೇ ವಸ್ತುವು ತನ್ನದಾಗಿದ್ದಿತೆಂಬುದು ತಿಳಿಯುತ್ತದೆ. ತಿಳಿದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹೂವಯ್ಯನು ಮನೆಯಿಂದ ಪಾಲಾಗಿ ಕೆಳಕಾನೂರಿಗೆ ಹೋದವನು; ಹೆಣ್ಣನ್ನು ಕೇಳುವ ಬಲವಾಗಲಿ, ಕೇಳಿಸಬಲ್ಲ ಹಿರಿಯರಾಗಲಿ ಅವನ ಪಕ್ಷದಲ್ಲಿಲ್ಲ. ಸೀತೆಯು ಬಲಾತ್ಕಾರದ ಧಾರೆಗೆ ಗುರಿಯಾಗುತ್ತಾಳೆ. ಅವಳ ದೇಹಮನಸ್ಸುಗಳು ಆ ಪೆಟ್ಟಿಗೆ ಕುಸಿಯುವುದನ್ನು ಓದಿದ ವಾಚಕನಿಗೆ, ಅರಿವಿನ ವಿಳಂಬವೆಂಬುದು ಬರಿಯ ಕಥಾಕೌಶಲವಲ್ಲ, ಒಬ್ಬಳ ಬಾಳಿನ ಬೆಲೆ ಎಂಬುದು ಮನದಟ್ಟಾಗುತ್ತದೆ. ಒಂದು ವರ್ಷ ಮೊದಲು ಹೂವಯ್ಯನು ತನ್ನನ್ನು ತಾನು ತಿಳಿದಿದ್ದರೆ? ಈ ಪ್ರಶ್ನೆಯನ್ನು ಕಾದಂಬರಿಯು ಎತ್ತುವುದಿಲ್ಲ. ಆದರೆ ಗ್ರಂಥದ ಉತ್ತರಾರ್ಧವೆಲ್ಲವೂ ಅದರ ನೆರಳಿನಲ್ಲಿಯೇ ಸಾಗುತ್ತದೆ.

ಈ ಮಾದರಿಯು ಇಂಗ್ಲಿಷ್ ಕಾದಂಬರಿಗಳಿಂದ ಬಂದುದೆಂದು ಯಾರಾದರೂ ಹೇಳಬಹುದು. ಹೋಲಿಕೆಯೇನೋ ಉಂಟು. 1815ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನಳ ಎಮ್ಮಾ ಎಂಬ ಕಾದಂಬರಿಯಲ್ಲಿ ನಾಯಿಕೆಯು ನೈಟ್ಲಿ ಎಂಬ ಗೃಹಸ್ಥನನ್ನು ಎಳವೆಯಿಂದ ಬಲ್ಲಳು. ತನ್ನ ಗೆಳತಿಯಾದ ಹ್ಯಾರಿಯೆಟ್ ಅವನ ಮೇಲೆ ಆಸೆಯಿಟ್ಟಿರುವಳೆಂದು ಕೇಳಿದ ಕ್ಷಣದಲ್ಲಿಯೇ ಅವಳಿಗೆ ತನ್ನ ಮನಸ್ಸು ತಿಳಿಯುತ್ತದೆ. ಆ ನೈಟ್ಲಿಯಾದರೂ ಯಾರು? ಎಮ್ಮಾಳ ಅಕ್ಕನ ಗಂಡನ ಅಣ್ಣ. ಕನ್ನಡದ ಮನೆಯಲ್ಲಾಗಿದ್ದರೆ ಅವನೂ ಬಾವನೇ. ಅಲ್ಲಿಯೂ ಕೆಲವೇ ಮನೆಗಳ ಹಳ್ಳಿ, ಅಲ್ಲಿಯೂ ಆಸ್ತಿವಂತರ ಒಳನಂಟು, ಅಲ್ಲಿಯೂ ಸಲಿಗೆಯೇ ತೆರೆ. ಕುವೆಂಪು ಅವರು ಪಾಶ್ಚಾತ್ಯ ಕಾದಂಬರಿಕಾರರನ್ನು ಓದಿಕೊಂಡವರೆಂಬುದು ನಿಜವೇ ಆದರೂ, ಸಮಾನವಾದ ಸಂಸಾರರಚನೆಯು ಎರಡು ದೇಶಗಳಲ್ಲಿ ಸಮಾನವಾದ ಕಥೆಯನ್ನು ಹುಟ್ಟಿಸಿತೆಂದು ತಿಳಿಯುವುದೇ ಹೆಚ್ಚು ಯುಕ್ತವಾಗಿ ತೋರುತ್ತದೆ. ಎಮ್ಮಾಳಿಗೆ ಅರಿವು ಕಾಲಕ್ಕೆ ಸರಿಯಾಗಿ ಬಂದಿತು. ಸೀತೆಯ ಪಾಲಿಗೆ ಹಾಗಾಗಲಿಲ್ಲ. ಈ ವ್ಯತ್ಯಾಸವು ಸಾಹಿತ್ಯದ್ದಲ್ಲ, ಹೆಣ್ಣಿಗೆ ಬೇಡವೆನ್ನುವ ಅಧಿಕಾರವಿದ್ದಿತೋ ಇಲ್ಲವೋ ಎಂಬುದರದು.

ಮೂವತ್ತೊಂದು ವರ್ಷಗಳ ತರುವಾಯ, 1967ರಲ್ಲಿ, ಅದೇ ಲೇಖನಿಯಿಂದ ಮಲೆಗಳಲ್ಲಿ ಮದುಮಗಳು ಹೊರಬಂದಿತು. ಅದರ ಕಾಲವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ಇಲ್ಲಿ ಹೂವಳ್ಳಿಯ ಚಿನ್ನಮ್ಮನೂ ಕೋಣೂರಿನ ಮುಕುಂದಯ್ಯನೂ ಸೀತೆ ಹೂವಯ್ಯರ ಸ್ಥಾನದಲ್ಲಿದ್ದಾರೆ: ಬಾಲ್ಯದ ಪರಿಚಯ, ಹಿರಿಯರ ನಿಶ್ಚಯ, ಮೊದಲೇ ಮದುವೆಯಾಗಿದ್ದ ಸಿಂಬಾವಿ ಭರಮೈಹೆಗ್ಗಡೆಗೆ ಹುಡುಗಿಯನ್ನು ಕೊಡುವ ಏರ್ಪಾಡು. ಆದರೆ ಮುಕುಂದಯ್ಯನು ಪುಸ್ತಕದ ಪಂಡಿತನಲ್ಲ. ಚಿನ್ನಮ್ಮನು ದಿಬ್ಬಣದ ಇರುಳಿನಲ್ಲಿ ಮನೆಯನ್ನು ತೊರೆದು ಹುಲಿಕಲ್ಲಿನ ನೆತ್ತಿಯ ಕಾಡನ್ನು ಸೇರುತ್ತಾಳೆ. ಅರಿವಿನಿಂದ ಕಾರ್ಯಕ್ಕೆ ಇರುವ ದೂರವನ್ನು ಈ ಹುಡುಗಿಯು ಒಂದೇ ರಾತ್ರಿಯಲ್ಲಿ ನಡೆದುಬಿಟ್ಟಳು.

ಇನ್ನೂ ಗಮನಾರ್ಹವಾದ ಸಂಗತಿಯೊಂದು ಈ ಗ್ರಂಥದಲ್ಲಿದೆ. ಚಿನ್ನಮ್ಮನಿಗೆ ನೆರವಾದವರು ಐತ ಪೀಂಚಲುಗಳೆಂಬ ಕೂಲಿಯ ದಂಪತಿಗಳು. ಅವರ ಪ್ರೀತಿಯಲ್ಲಿ ಮರೆವೂ ಇಲ್ಲ, ತಡವೂ ಇಲ್ಲ. ಗಂಡಹೆಂಡಿರಾಗಿ ದಿನವೂ ಅದನ್ನು ಬಾಳುತ್ತಿದ್ದಾರೆ. ಸಿಂಬಾವಿಯ ಜೀತದಾಳು ನಾಯಿಗುತ್ತಿಯು ಬೆಟ್ಟಳ್ಳಿಯ ತಿಮ್ಮಿಯನ್ನು ಬಯಸಿ, ತನ್ನ ನಾಯಿ ಹುಲಿಯನನ್ನು ಜೊತೆಗಿಟ್ಟುಕೊಂಡು ಕಾಡುದಾರಿಯನ್ನು ಹಿಡಿಯುತ್ತಾನೆ. ತಿಮ್ಮಿಗೂ ಬೇರೆ ಕಡೆ ಮದುವೆಯ ಏರ್ಪಾಡಾಗಿದೆ. ಅವಳನ್ನು ಹಾರಿಸಿಕೊಂಡು ಹೋಗುವುದೊಂದೇ ಗುತ್ತಿಗೆ ಉಳಿದ ದಾರಿ. ಇವರಲ್ಲಿ ಯಾರೂ ತಮ್ಮ ಹೃದಯದ ಗುಟ್ಟನ್ನು ತಾವೇ ಅರಿಯದೆ ಇನ್ನೂರು ಪುಟ ಅಲೆಯುವುದಿಲ್ಲ. ಒಡೆಯರ ಭಯವಿದೆ, ಹಸಿವಿದೆ, ತುಂಬಿದ ತುಂಗೆಯನ್ನು ದಾಟುವ ಗಂಡಾಂತರವಿದೆ. ಆ ಹೊಳೆಯಲ್ಲಿ ಹುಲಿಯನು ಕೊಚ್ಚಿಹೋಗುತ್ತಾನೆ. ಸಂದೇಹ ಮಾತ್ರ ಇಲ್ಲ. ಆದುದರಿಂದ ಅರಿವಿನ ವಿಳಂಬವು ಮನುಷ್ಯಹೃದಯದ ಸಾರ್ವತ್ರಿಕ ಧರ್ಮವಲ್ಲವೆಂದೂ, ಕಣಜವೂ ಕುಲಗೌರವವೂ ಉಳ್ಳ ಹೆಗ್ಗಡೆಮನೆಗಳ ಧರ್ಮವೆಂದೂ ಊಹಿಸಲು ಅವಕಾಶವಿದೆ. ಯಾವ ಮನೆಯಲ್ಲಿ ಮದುವೆಯಿಂದ ಗದ್ದೆ ತೋಟಗಳು ಕೈಬದಲಾಗುವುವೋ ಅಲ್ಲಿ ಮಕ್ಕಳು ತಮ್ಮ ಇಷ್ಟವನ್ನು ತಮ್ಮಿಂದಲೇ ಮರೆಮಾಡಿಕೊಳ್ಳಲು ಕಲಿಯುತ್ತಾರೆ. ಗುತ್ತಿಗೆ ಮರೆಮಾಡಬೇಕಾದ ಸೊತ್ತೇ ಇರಲಿಲ್ಲ. 1936ರ ಗ್ರಂಥದಲ್ಲಿ ಅಸ್ಫುಟವಾಗಿದ್ದ ಈ ಭೇದವು 1967ರಲ್ಲಿ ಸ್ಪಷ್ಟವಾಗಿ ಕಾಣುವುದು ಕುವೆಂಪು ಅವರ ದೃಷ್ಟಿಯು ಎಷ್ಟು ಬಲಿತಿತೆಂಬುದಕ್ಕೆ ಸಾಕ್ಷಿ.

ಒಲವಿನ ಮಾತೇ ಏಳಲು ಎಡೆಯಿಲ್ಲದ ಬಾಳುಗಳೂ ಈ ಸೀಮೆಯಲ್ಲಿದ್ದುವು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಫಣಿಯಮ್ಮ (1976) ಅಂತಹ ಒಬ್ಬ ಬಾಲವಿಧವೆಯ ಕಥೆ. ಎಳೆಯ ವಯಸ್ಸಿನಲ್ಲಿಯೇ ತಲೆಬೋಳಿಸಿಕೊಂಡು ಅಡಿಗೆಮನೆಯ ಮೂಲೆಯನ್ನು ಸೇರಿದವಳಿಗೆ ಅರಿಯುವುದಕ್ಕೆ ಏನನ್ನು ಬಿಟ್ಟಿದ್ದರು? ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಯು. ಆರ್. ಅನಂತಮೂರ್ತಿಯವರ ಘಟಶ್ರಾದ್ಧವೆಂಬ ಕಥೆಯಲ್ಲಿ ವಿಧವೆಯಾದ ಯಮುನೆಯ ಪ್ರಣಯವು ಆಗಲೇ ನಡೆದುಹೋಗಿದೆ. ಅವಳು ಎಂದು ಒಲಿದಳು, ಎಂದು ಅರಿತಳು ಎಂಬುದನ್ನು ಕಥೆ ಹೇಳುವುದಿಲ್ಲ. ಅರಿಯುವವನು ನಾಣಿಯೆಂಬ ಹುಡುಗ, ಅವನ ತರುವಾಯ ಊರು. ಅರಿವು ಇಲ್ಲಿ ಪ್ರೇಮಿಗಳ ಕೈಯಿಂದ ಜಾರಿ ಮೂರನೆಯವರ ಕೈಗೆ ಬಂದಿತು. ಊರಿನ ಕೈಗೆ ಬಂದೊಡನೆ ಅದು ಬಹಿಷ್ಕಾರವಾಯಿತು. 1977ರಲ್ಲಿ ಇದನ್ನು ಚಲನಚಿತ್ರವಾಗಿ ಮಾಡಿದ ಗಿರೀಶ ಕಾಸರವಳ್ಳಿಯವರೂ ಇದೇ ತಾಲ್ಲೂಕಿನ ಕೆಸಲೂರಿನವರು.

ಹಾಗೆ ಮೂರನೆಯವನ ಕೈಗೆ ಬಂದ ಅರಿವಿನ ಇನ್ನೊಂದು ರೂಪವು ಸಿಗಂದೂರಿನ ಸೀಮೆಯ ಕಥೆಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯು ನೀರಿನಲ್ಲಿ ಮುಳುಗಿದಾಗ, ಊರುಗಳು ಹೋಗಿ ಗುಡ್ಡಗಳು ನಡುಗಡ್ಡೆಗಳಾದವು. ಸಿಗಂದೂರು ತುಮರಿಗಳ ಜನರು ಸಾಗರದ ಪೇಟೆಗೆ ಬರಬೇಕಾದರೆ ಅಂಬಾರಗೋಡ್ಲಿನ ಬಳಿ ಲಾಂಚನ್ನು ಕಾಯಬೇಕಾಯಿತು. 2025ರ ಜುಲೈ ತಿಂಗಳಲ್ಲಿ ಸೇತುವೆಯು ತೆರೆಯುವವರೆಗೂ ಆರು ದಶಕಗಳ ಕಾಲ ಇದೇ ಸ್ಥಿತಿ. ಸಾಗರದವರಾದ ನಾ. ಡಿಸೋಜರು (1937–2025) ಈ ಮುಳುಗಡೆಯನ್ನು ಕಣ್ಣಾರೆ ಕಂಡು ಹಲವು ಗ್ರಂಥಗಳಲ್ಲಿ ಬರೆದರು. ಅವುಗಳಲ್ಲಿ ದ್ವೀಪವೆಂಬ ಕಾದಂಬರಿಯನ್ನು ಕಾಸರವಳ್ಳಿಯವರು 2002ರಲ್ಲಿ ತೆರೆಗೆ ತಂದರು.

ದ್ವೀಪದಲ್ಲಿ ನೆರೆಹೊರೆಯವರೆಲ್ಲರೂ ಪರಿಹಾರವನ್ನು ಪಡೆದು ಹೊರಟುಹೋದ ಮೇಲೆ ಗಣಪಯ್ಯನ ಸಂಸಾರವೊಂದೇ ಏರುತ್ತಿರುವ ನೀರಿನ ನಡುವೆ ಉಳಿಯುತ್ತದೆ. ಅವನ ಹೆಂಡತಿಯಾದ ನಾಗವೇಣಿಯ ತವರಿನ ಕಡೆಯಿಂದ ಕೃಷ್ಣಯ್ಯನು ನೆರವಿಗೆ ಬರುತ್ತಾನೆ. ಹಳೆಯ ಪರಿಚಯ, ಒಂಟಿಮನೆ, ಬಿಡದ ಮಳೆ, ಕೈಗೂಡಿಸಿ ಮಾಡುವ ದುಡಿಮೆ: ಮುತ್ತಳ್ಳಿಯಲ್ಲಿ ಯಾವ ಸಾಮಗ್ರಿಯಿಂದ ಒಲವು ನಿಧಾನವಾಗಿ ಬೆಳೆಯಿತೋ ಅದೇ ಸಾಮಗ್ರಿಯೆಲ್ಲವೂ ಇಲ್ಲಿದೆ. ಆದರೆ ಆ ಇಬ್ಬರ ನಡುವೆ ಇರುವುದು ಏನೆಂಬುದಕ್ಕೆ ಅವರು ಹೆಸರಿಡುವುದಿಲ್ಲ. ಹೆಸರಿಡುವವನು ಗಂಡ. ಅವನ ಸಂಶಯವು ನೀರಿನೊಡನೆಯೇ ಅಂಗುಲ ಅಂಗುಲವಾಗಿ ಏರುತ್ತದೆ. ಅವನು ಕಂಡದ್ದು ನಾಗವೇಣಿಗೇ ಇನ್ನೂ ತಿಳಿಯದಿದ್ದ ಒಂದು ಸತ್ಯವೋ, ಭೂಮಿಯನ್ನು ಕಳೆದುಕೊಂಡವನ ಭ್ರಾಂತಿಯೋ ಎಂದು ನಿರ್ಣಯಿಸಿ ಹೇಳುವವರು ಆ ನಡುಗಡ್ಡೆಯಲ್ಲಿ ಯಾರೂ ಉಳಿದಿಲ್ಲ, ಊರೇ ಮುಳುಗಿದೆ.